ಪಟಗ ಸುತ್ತಿದ ಮೊಸರಿನ ಗಡಿಗೆ

ನಿಜಾಮರ ಆಳ್ವಿಕೆ ಮುಗಿದ ಹೊಸತರಲ್ಲಿ ನಾನು ಮಸ್ಕಿಗೆ ಸೊಸೆಯಾಗಿ ಬಂದೆ. ಬಂದ ವಾರದಲ್ಲೇ ಆ ಮನೆಯ ಮೊಸರು ಕೆಟ್ಟಿತು. ಹೆಪ್ಪು ಹಾಕಿದ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇರುತ್ತಿತ್ತು. ಸಂತೆಯಲ್ಲಿ ಹೆಸರಾದ ಮೊಸರು ಅದು. ಎಮ್ಮೆಯನ್ನು ಯಾರೂ ಬೈಯಲಿಲ್ಲ, ಬೈಗುಳವೆಲ್ಲ ನನ್ನ ಕೈಗುಣಕ್ಕೆ.

"ಅಮಾಸಿಯೊಳಗ ಮೊಸರಾಗಲಿಲ್ಲಂದ್ರ ಸೊಸಿ ಬಸವಣ್ಣೆಮ್ಮನ್ನ ಆಕಿ ತವರು ಪಾಮನಕಲ್ಲೂರಿಗೆ ಬಿಟ್ಟು ಬರೂದ," ಎಂದು ಮಾವ ಅಮರಗುಂಡಪ್ಪ ತೀರ್ಪು ಕೊಟ್ಟರು. ಗಂಡ ತಲೆ ತಗ್ಗಿಸಿ ರೊಟ್ಟಿ ಮುರಿದ. ಅತ್ತೆ ಶಿವಬಸಮ್ಮ ತುಟಿ ಬಿಚ್ಚಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಎಮ್ಮೆ ನೋಡಲು ಲಿಂಗಸುಗೂರಿನಿಂದ ದನದ ಡಾಕ್ಟರು ಬಂದಾಗ ಮೊಸರು ಯಾಕಾಗುತ್ತಿಲ್ಲವೆಂದು ನಾನೇ ಬಾಗಿಲ ಮರೆಯಿಂದ ಕೇಳಿದೆ.

"ತಂಗೆವ್ವ, ಹೆಪ್ಪಿನಾಗ ಕಣ್ಣಿಗೆ ಕಾಣದ ಜೀವ ಇರ್ತಾವ. ಅವನ್ನ ಹಿಡಿಯೂ ವೈರಸ್ ಅಂತ ಇನ್ನೂ ಸಣ್ಣದೊಂದು ಐತಿ. ಜೀವ ಬೆಳದು ಒಂದು ಎರಡಾಗೂ ಹೊತ್ತಿನಾಗ ಒಳಗ ಹೊಕ್ಕು, ತನ್ನ ಸಂತಾನ ಮಾಡಿ, ಒಡಕೊಂಡು ಹೊರಗ ಬರ್ತೈತಿ. ಮುದಿಯಾಗಿ ಮಲಗಿದ ಜೀವದಾಗ ಅದರ ಆಟ ನಡಿಯೂದಿಲ್ಲ. ಗಡಿಗ್ಯಾಗ ನೀರು ಕುದಿಸಿ ಚೆಲ್ಲಿ, ಬ್ಯಾರೆ ಮನಿ ಹೆಪ್ಪು ಹಾಕ್ರಿ. ಬ್ಯಾರೆ ಕುಲದ ಜೀವ ಈ ವೈರಸ್ಸಿಗೆ ಒಗ್ಗೂದಿಲ್ಲ."

"ಲಿಂಗವಂತರ ಮನಿಗೆ ಕಂಡವರ ಹೆಪ್ಪ?" ಮಾವ ಸಿಡಿದರು. "ಹರೇದ ಹೆಪ್ಪಿಗೆ ರೋಗ ಹತ್ತತೈತಿ ಅಂದ್ರ, ಹೆಪ್ಪಿಗೆ ವಯಸ್ಸು ಮಾಡೂಣು!"

ತಲೆಗೆ ಸುತ್ತಿದ್ದ ಪಟಗ ಬಿಚ್ಚಿ ಗಡಿಗೆಗೆ ಸುತ್ತಿದರು. ಪಕ್ಕದಲ್ಲಿ ಊರುಗೋಲು ಆನಿಸಿದರು. ವೈರಸ್ ಬಂದರೆ ಇದು ಮುದುಕರ ಮನೆಯೆಂದು ವಾಪಸಾಗಬೇಕಲ್ಲ, ಅದಕ್ಕೆ ಅಡುಗೆಮನೆಗೆ ಕಾಲಿಟ್ಟವರೆಲ್ಲ ಕೆಮ್ಮಿ, ಮೊಣಕಾಲು ನೋವೆಂದು ನರಳಬೇಕಾಯಿತು. ಮದುವೆ, ಬಸಿರಿನ ಮಾತು ಬಂದ್. ಓಣಿಯ ಹಿರಿಯರು ಸರದಿಯಲ್ಲಿ ಕುಳಿತು ಗಡಿಗೆಗೆ ಹಳೇ ಕಾಲದ ಸುದ್ದಿ ಹೇಳಿದರು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಅಂದಂತೆ, ಅವರಿಗೆ ಚಹಾ ಲಾಭವಾಯಿತು.

ಹಾಲು ಮಾತ್ರ ಹಾಲೇ. ಬೆಳೆಯದೆ ಮಲಗಿದ ಜೀವ ರೋಗದಿಂದ ತಪ್ಪಿಸಿಕೊಂಡೀತು, ಮೊಸರು ಮಾಡೀತೇ? ನಾನು ಹಾಗೆಂದಿದ್ದಕ್ಕೆ ಮಾವ, "ನೀ ಹರೇದಾಕಿ, ಗಡಿಗಿ ಹತ್ರ ಬರಬ್ಯಾಡ," ಎಂದರು.

ಅಮಾವಾಸ್ಯೆಯ ಹಿಂದಿನ ಸಂಜೆ, ಪಕ್ಕದ ಮನೆಯ ಸುಭಾನಬಿಯ ಹಿತ್ತಲಿಗೆ ಹೋಗಿ ಒಂದು ಚಮಚ ಮೊಸರು ಬೇಡಿದೆ. ಡಾಕ್ಟರು ಹೇಳಿದಂತೆ ಗಡಿಗೆಯಲ್ಲಿ ನೀರು ಕುದಿಸಿ ಚೆಲ್ಲಿ, ಹೊಸ ಹಾಲಿಗೆ ಆ ಹೆಪ್ಪು ಹಾಕಿ, ಪಟಗವನ್ನು ಮೊದಲಿನಂತೆಯೇ ಸುತ್ತಿಟ್ಟೆ.

ಬೆಳಿಗ್ಗೆ ಚಾಕುವಿನಿಂದ ಕೊಯ್ಯುವಂಥ ಮೊಸರು. ಪಟಗದ ಮಹಿಮೆ ಸಾರಲು ಮಾವ ಬರಿದಲೆಯಲ್ಲೇ ಓಣಿಗೆ ಓಡಿದರು.

ಅತ್ತೆ ಬೆರಳದ್ದಿ ನೆಕ್ಕಿದರು. "ಇದು ನಮ್ಮ ಹೆಪ್ಪಲ್ಲ. ಯಾರ ಮನೀದು?"

"ಸುಭಾನಬೀದ್ರಿ."

"ನಾ ಸೊಸಿಯಾಗಿ ಬಂದ ವರ್ಷಾನೂ ಹಿಂಗ ಕೆಟ್ಟಿತ್ತು. ನಾ ಕದ್ದು ತಂದದ್ದು ಓಣಿ ತುದಿ ಚಾಂದ್‌ಬೀದು. ಇಷ್ಟು ವರ್ಷ ಇವರು ಸಂತ್ಯಾಗ ಹೆಸರು ಮಾಡಿದ್ದು ಅದ ಮೊಸರಿಲೆ."

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಮತ್ತ ಯಾಕ ಸುಮ್ಮನಿದ್ರಿ ಅತ್ತಿ? ಮಾವ ನನ್ನ ಕಳಸಾಕ ಹೊಂಟಿದ್ರಲ್ಲ!"

"ಬಾಯಿ ಬಿಟ್ಟಿದ್ರ ನನ್ನೂ ಕಳಸತಿದ್ರು," ಎಂದರು ಅತ್ತೆ. "ನಿನಗರ ಪಾಮನಕಲ್ಲೂರು ಐತಿ. ನನಗ ಈಗ ಯಾವ ತವರು ಐತೆವ್ವ?"