ದಾನಪ್ಪನವರ ಹತ್ತೊಂಬತ್ತು ತಿರುವುಗಳು

ನನ್ನ ಮಾವ ದಾನಪ್ಪನವರು ಎಂಬತ್ತಮೂರನೇ ಇಸವಿಯಲ್ಲಿ ಒಮಾನಿನ ಮರುಭೂಮಿಯಲ್ಲಿ, ಎಣ್ಣೆ ಹುಡುಕುವ ಲಾರಿಗಳು ಓಡಾಡಲೆಂದು ಬುಲ್ಡೋಜರ್ ಬಿಡಿಸಿ ದಾರಿ ಮಾಡಿಸಿದವರು. ಈ ಸಂಗತಿ ನಿಮಗೆ ಗೊತ್ತಿಲ್ಲವೆಂದರೆ ನೀವು ಅಮೆರಿಕದ ಈ ನಮ್ಮ ಊರು ಸ್ಟರ್ಲಿಂಗ್‌ನವರಲ್ಲ. ಇಲ್ಲಿ ಯಾರ ಮನೆಯ ಪೂಜೆಗೆ ಹೋದರೂ ಪ್ರಸಾದಕ್ಕಿಂತ ಮೊದಲು ಮಾವನ ಮರುಭೂಮಿ ಬಡಿಸಲ್ಪಡುತ್ತದೆ. ಅಳಿಯನಾದ ನನಗಂತೂ ಅದು ಬಾಯಿಪಾಠ. ಎಣ್ಣೆ ಒಂದು ಹನಿಯೂ ಸಿಗಲಿಲ್ಲ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ, ನಾನು ಹೇಳುತ್ತೇನೆ.

ದಾರಿ ಪಶ್ಚಿಮದಿಂದ ಪೂರ್ವಕ್ಕೆ ನೆಟ್ಟಗೆ ಹೋಗಬೇಕಿತ್ತು. ಆದರೆ ನಡುನಡುವೆ ಹತ್ತೊಂಬತ್ತು ಕಡೆ ದಕ್ಷಿಣಕ್ಕೆ ಇಳಿದು, ಸ್ವಲ್ಪ ದೂರ ಪೂರ್ವಕ್ಕೆ ಸಾಗಿ, ಮತ್ತೆ ಉತ್ತರಕ್ಕೆ ಹತ್ತಿ ಮೊದಲಿನ ಗೆರೆಗೆ ಬರುತ್ತದೆ. ಮೇಲಿಂದ ತೆಗೆದ ಫೋಟೋದಲ್ಲಿ ಥೇಟ್ ಇಳಕಲ್ ಸೀರೆಯ ಸೆರಗು. ಯಾಕೆ ಹೀಗೆ ಎಂದರೆ ಮಾವ ಮೂಗು ಮುಟ್ಟಿ ತೋರಿಸುತ್ತಿದ್ದರು.

"ನೆಲದಾಗ ಲಾರಿ ಹೂತು ಹೋಗೂವಂಥಾ ಉಪ್ಪಿನ ಕುಳಿ ಇದ್ದುವು. ಯಾವ ಮಷೀನಿಗೂ ಗೊತ್ತಾಗಲಿಲ್ಲ. ಈ ಮೂಗಿಗೆ ಗೊತ್ತಾತು!"

ಈ ಮೂಗಿನ ಕಥೆಗೆ ಒಮ್ಮೆಯೂ ತಲೆದೂಗದವರು ನಮ್ಮ ಅತ್ತೆ ಸಿದ್ದೇಶ್ವರಿ. ಆ ತಿರುವುಗಳಿಂದ ಕೆಲಸ ಮೂವತ್ತೆಂಟು ದಿನ ತಡವಾಗಿ, ಮಾವ ತಮ್ಮ ಒಬ್ಬಳೇ ಮಗಳ, ಅಂದರೆ ನನ್ನ ಹೆಂಡತಿ ನೀಲಗಂಗಾಳ ನಾಮಕರಣ ತಪ್ಪಿಸಿಕೊಂಡಿದ್ದರು. ಅತ್ತೆ ಅದನ್ನು ಮರೆತಿಲ್ಲ, ಮರೆಯಲು ಬಿಟ್ಟೂ ಇಲ್ಲ. ಮಾವನೂ ಕಡಿಮೆಯಿಲ್ಲ. ಅತ್ತೆ ಪಂಚಾಂಗ ತೆಗೆದರೆ ಸಾಕು, "ನಾ ಸೈನ್ಸ್ ಮನಷ್ಯಾ, ನನಗ ಇವೆಲ್ಲಾ ನಡಿಯಂಗಿಲ್ಲ" ಎಂದು ಗೇಲಿ ಮಾಡುತ್ತಿದ್ದರು.

ಹೋದ ವರ್ಷ ಷಾರ್ಲೆಟ್‌ನ ಬ್ಯಾಲಂಟೈನ್‌ನಿಂದ ಚೈತನ್ಯಾ ಎಂಬ ಹುಡುಗಿ ಫೋನ್ ಮಾಡಿದಳು. ಮರುಭೂಮಿಯ ಹಳೆಯ ದಾರಿಗಳ ಚರಿತ್ರೆ ಬರೆಯುತ್ತಿದ್ದಾಳಂತೆ. ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯಕ್ಕೆ 'ದಾನಪ್ಪನವರ ತಿರುವುಗಳು' ಎಂದೇ ಹೆಸರಿಡುವ ಯೋಚನೆಯಂತೆ. ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೀವಮಾನವೆಲ್ಲ ಬೇರೆಯವರ ಕಂಪನಿಗೆ ದುಡಿದ ಮನುಷ್ಯ, ತನ್ನ ಹೆಸರನ್ನು ಅಚ್ಚಿನಲ್ಲಿ ನೋಡಬೇಕೆಂದು ಎಷ್ಟು ಆಸೆಪಟ್ಟಿದ್ದರೆಂದು ನನಗೆ ಅವತ್ತೇ ತಿಳಿದದ್ದು. ಸ್ವಲ್ಪ ಪಾಪ ಅನ್ನಿಸಿತು. ಆ ತಿರುವುಗಳ ಚಿತ್ರ ಹಾಕಿಸಿದ ಇಪ್ಪತ್ತೈದು ಕಾಫಿ ಮಗ್ ಮನೆಗೆ ಬಂದಾಗ ಆ ಪಾಪವೂ ಹೋಯಿತು.

ಚೈತನ್ಯಾ ಆರು ಗಂಟೆ ಡ್ರೈವ್ ಮಾಡಿಕೊಂಡು ಭಾನುವಾರ ಮಧ್ಯಾಹ್ನ ಮನೆಗೆ ಬಂದಳು. ಮಾವ ಸೂಟ್ ಹಾಕಿ ಕುಳಿತಿದ್ದರು. ಅವಳು ಮಗ್‌ನಲ್ಲಿ ಕಾಫಿ ಕುಡಿದು, ಲ್ಯಾಪ್‌ಟಾಪ್ ತೆರೆದಳು.

"ಅಂಕಲ್, ಒಂದು ಸಣ್ಣ ಡೌಟ್. ಅಲ್ಲಿನ ಸಾಯಿಲ್ ರಿಪೋರ್ಟ್ ಎಲ್ಲಾ ಚೆಕ್ ಮಾಡ್ದೆ. ಉಪ್ಪೇ ಇಲ್ಲ. ನೆಲ ದೋಸೆ ಹೆಂಚಿನ ಥರ ಫ್ಲಾಟ್ ಆಗಿದೆ."

"ಉಪ್ಪು ಆಮ್ಯಾಲ ಕರಗಿರಬೇಕವಾ" ಎಂದರು ಮಾವ.

"ಇನ್ನೊಂದು ಅಂಕಲ್. ನಿಮ್ಮ ಡೈಲಿ ಲಾಗ್‌ಬುಕ್ ಸಿಕ್ತು. ಪ್ರತಿ ಸಲ ಸೌತ್‌ಗೆ ಹೋಗಿರೋದು ಶನಿವಾರ. ನಾರ್ತ್‌ಗೆ ಬಂದಿರೋದು ಸೋಮವಾರ. ಹತ್ತೊಂಬತ್ತು ವಾರಾನೂ ಅಷ್ಟೇ. ಉಪ್ಪಿಗೆ ಕ್ಯಾಲೆಂಡರ್ ಹೇಗೆ ಗೊತ್ತು?"

ಮಾವನ ಮೂಗಿನ ಮೇಲೆ ಬೆವರು ಮೂಡಿತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಶನಿವಾರ, ಸೋಮವಾರ ಮೂಡಣಕ್ಕ ವಾರಶೂಲಿ" ಎಂದರು ಮೆಲ್ಲಗೆ. ಚೈತನ್ಯಾ ಮುಖ ಮುಖ ನೋಡಿದ್ದರಿಂದ ನಾನು ಬಿಡಿಸಿ ಹೇಳಬೇಕಾಯಿತು: ವಾರದ ಒಂದೊಂದು ದಿನ ಒಂದೊಂದು ದಿಕ್ಕಿಗೆ ಪ್ರಯಾಣ ಆಗಬಾರದು, ಹೋದರೆ ಕೇಡು, ಎಂದು ಹಿಂದಿನವರ ನಂಬಿಕೆ.

"ಅಲ್ರೀ, ನನ್ನ ಪತ್ರ ಓದಿ ಹಂಗ ಮಾಡಿದ್ರೇನು?" ಎಂದರು ಅತ್ತೆ.

ಸೈನ್ಸ್ ಮನುಷ್ಯ ಎದ್ದು ಒಳಗೆ ಹೋದರು. ಹಳೆಯ ಪಾಸ್‌ಪೋರ್ಟಿನ ಹೊದಿಕೆಯಿಂದ ಒಂದು ನೀಲಿ ಏರೋಗ್ರಾಮ್ ತೆಗೆದು ತಂದರು. ಹೊರದೇಶಕ್ಕೆ ಬರೆಯುವ ಆ ಕಾಲದ ಮಡಿಸಿ ಅಂಟಿಸುವ ಕಾಗದ. ನಲವತ್ತೊಂದು ವರ್ಷ ಅದು ಅವರ ಜೊತೆಗೇ ಇತ್ತೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದಿದೆ: 'ಶನಿವಾರ, ಸೋಮವಾರ ಮೂಡಣ ದಿಕ್ಕಿಗೆ ಹೆಜ್ಜೆ ಇಡಬ್ಯಾಡ್ರಿ. ಹೊಟ್ಟ್ಯಾಗಿನ ಕೂಸಿನ ಆಣಿ ಐತಿ.'

"ಕೂಸಿನ ಆಣಿ ಹಾಕಿದ ಮ್ಯಾಲ ನಾ ಏನ್ ಮಾಡಲಿ?" ಎಂದರು ಮಾವ. "ನಾ ನಂಬಲಿಲ್ಲ. ಆದರ ಅಂಜಿಕಿ ಬಂತು. ಕಂಪನಿ ದೊರಿಗೆ ಉಪ್ಪು ಅಂತ ಹೇಳಿದೆ. ಆಮ್ಯಾಲ ನಿನಗೂ ಅದನ್ನ ಹೇಳಿದೆ."

ಅತ್ತೆಯ ಕಣ್ಣು ತುಂಬಿತು. ಅದು ಅರ್ಧ ನಿಮಿಷ. ಆಮೇಲೆ ಕಾಗದವನ್ನು ಕಿತ್ತುಕೊಂಡು ತಿರುಗಿಸಿ ನೋಡಿದರು.

"ಕೆಳಗಿನ ಮಡಿಕಿ ಬಿಚ್ಚೇ ಇಲ್ಲಲ್ರೀ!"

ಹೌದು. ಕೊನೆಯ ಮಡಿಕೆ ಅಂಟಿಕೊಂಡೇ ಇತ್ತು. ಚೈತನ್ಯಾ ಅದನ್ನು ಮತ್ತೆ ಬಗ್ಗಿಸಿದ ಬಿಸಿ ಕಾಫಿಯ ಹಬೆಗೆ ಹಿಡಿದು, ಉಗುರಿನಲ್ಲಿ ಬಿಡಿಸಿದಳು. ಒಳಗೆ ಮೂರು ಸಾಲು: 'ಹೋಗಲೇಬೇಕಾದ್ರ ಹಿಂದಿನ ದಿನ ಒಂದು ಚೀಲಾ ಆ ದಿಕ್ಕಿನ್ಯಾಗ ಮುಂದ ಇಟ್ಟು ಬರ್ರಿ. ಪ್ರಸ್ಥಾನ ಇಟ್ಟಂಗ, ಅಂದ್ರ ಮೊದಲ ಹೊರಟು ಬಿಟ್ಟಂಗ ಆಗ್ತದ, ದೋಷ ಇಲ್ಲ. ಲಗೂನ ಕೆಲಸ ಮುಗಿಸಿ ಸೀದಾ ಮನಿಗೆ ಬರ್ರಿ.'

ಒಂದು ಚೀಲ! ಒಂದು ಚೀಲ ಮುಂದಿಟ್ಟಿದ್ದರೆ ಬುಲ್ಡೋಜರ್ ನೆಟ್ಟಗೆ ಹೋಗುತ್ತಿತ್ತು, ಮಾವ ತೊಟ್ಟಿಲ ಮುಂದೆ ನಿಂತಿರುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು, ಹಿಟ್ಟಿನ ಕೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡರು. ಮಾವ ಮಾತ್ರ ಆ ಮೂರು ಸಾಲುಗಳನ್ನು ಮತ್ತೆ ಮತ್ತೆ ಓದುತ್ತಿದ್ದರು.

"ಅಂಕಲ್, ಈಗ ನಾನು ಏನಂತ ಬರೀಲಿ?" ಎಂದಳು ಚೈತನ್ಯಾ. "ನಿಮಗೆ ಬೇಡ ಅಂದ್ರೆ ಕಾರಣ ಗೊತ್ತಿಲ್ಲ ಅಂತ ಬರೀತೀನಿ."

ಮಾವ ಮಗ್‌ಗಳ ಸಾಲನ್ನು ನೋಡಿದರು. ಅತ್ತೆಯನ್ನು ನೋಡಿದರು.

"ಸಿದ್ದೇಶ್ವರಿ ತಿರುವು ಅಂತ ಬರಿಯವಾ. ದಾರಿ ಹೇಳಿದಾಕಿ ಆಕಿ. ನಾ ಬರೇ ಬುಲ್ಡೋಜರ್ ಬಿಡಿಸಿದಾಂವ."

ಪುಸ್ತಕದ ಬಿಡುಗಡೆ ಈ ವರ್ಷ ಷಾರ್ಲೆಟ್‌ನಲ್ಲಿ, ಗುರುವಾರ. ಷಾರ್ಲೆಟ್ ನಮಗೆ ದಕ್ಷಿಣಕ್ಕೆ. ಗುರುವಾರ ಶೂಲೆಯೂ ದಕ್ಷಿಣಕ್ಕೇ. ಮಾವನಿಗೆ ಅದನ್ನು ಯಾರೂ ನೆನಪಿಸಲಿಲ್ಲ.

ಬುಧವಾರ ಸಂಜೆ ನಮ್ಮ ಬೀದಿಯ ದಕ್ಷಿಣದ ಕೊನೆಯಲ್ಲಿರುವ ವೇಣುಗೋಪಾಲ ಫೋನ್ ಮಾಡಿದ. "ಶಶಾಂಕ್, ನಿಮ್ಮ ಮಾವ ಬಂದು ಒಂದು ಬ್ಯಾಗ್ ಇಟ್ಟು ಹೋದ್ರು ಕಣೋ. ಬೆಳಿಗ್ಗೆ ಪಿಕ್ ಮಾಡ್ತೀವಿ ಅಂದ್ರು. ಯಾಕೆ ಅಂದ್ರೆ ಹೇಳ್ಲೇ ಇಲ್ಲ. ಏನಿದೆ ಅದ್ರಲ್ಲಿ?"

ಮರುದಿನ ಬೆಳಿಗ್ಗೆ ಬ್ಯಾಗ್ ತೆಗೆದುಕೊಂಡಾಗ ಅತ್ತೆ ಜಿಪ್ ಎಳೆದು ನೋಡಿದರು. ಒಳಗೆ ಇದ್ದದ್ದು ಅವರದೇ ಇಳಕಲ್ ಸೀರೆ, ಇಸ್ತ್ರಿ ಮಾಡಿಸಿದ್ದು.

"ನಡೀರಿ" ಎಂದರು ಅತ್ತೆ, ಕಾರಿನಲ್ಲಿ ಮಾವನ ಪಕ್ಕದಲ್ಲಿ ಕುಳಿತು. "ಈ ಸಲನಾದ್ರೂ ಸೀದಾ ಹೋಗೂಣು."