ಸುರಂಗದ ಗೋಡೆಯ ನೀರು

ಸುರಂಗದ ಗೋಡೆಯಲ್ಲಿ ಜಿನುಗಿದ ನೀರು ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಸೀಸೆಯ ತಳವಷ್ಟೇ ಒದ್ದೆಯಾಗಿತ್ತು. ಸುರಂಗದ ನೆತ್ತಿಯ ಮೇಲೆಯೇ ಕೆರೆ. ಕೆರೆಯ ನೀರನ್ನು ಬಿಸಿಲು ಹೀರುವಾಗ ಹಗುರ ಆಮ್ಲಜನಕ ಮೊದಲು ಹಾರಿಹೋಗುತ್ತದೆ, ಭಾರದ್ದು ಉಳಿಯುತ್ತದೆ. ಬಂಡೆಯೊಳಗಿನ ಹಳೆಯ ನೀರು ಹಗುರ. ಇದು ಬಂಡೆಯದಾದರೆ ಕೆಲಸ ಮುಂದುವರಿಯುತ್ತದೆ. ಕೆರೆಯದಾದರೆ ಒಳಗಿರುವವರೆಲ್ಲ ತಕ್ಷಣ ಹೊರಬರಬೇಕು. ಅವರಲ್ಲಿ ನನ್ನ ಅಕ್ಕನ ಗಂಡನೂ ಒಬ್ಬರು.

"ಮೌನಗೌರಿ, ಸೂಜಿ ಕೊಡಿಲ್ಲಿ. ನಾನೇ ಚುಚ್ತೀನಿ," ಎಂದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ.

ಮೂರು ಸಲ ಚುಚ್ಚಿ ನೀರನ್ನು ಆಮ್ಲಜನಕದ ಭಾರ ಅಳೆಯುವ ಯಂತ್ರಕ್ಕೆ ಬಿಟ್ಟರು. ಮೂರು ಅಂಕಿಗಳ ಸರಾಸರಿ ನೋಡಿ ನಿಟ್ಟುಸಿರಿಟ್ಟರು. "ಬಂಡೆ ನೀರು ಕಣೇ! ನಿಮ್ಮ ಭಾವನಿಗೆ ಇವತ್ತು ರಜಾ ಇಲ್ಲ ಬಿಡು."

ಸುರಂಗದ ಇಂಜಿನಿಯರ್ ಫೋನಿನಲ್ಲಿ ಕಾಯುತ್ತಿದ್ದರು. ಮೇಡಂ ಕೈ ಚಾಚಿದರು.

ನಾನು ಅಂಕಿಗಳನ್ನು ಬಿಡಿಬಿಡಿಯಾಗಿ ನೋಡಿದೆ. ಎರಡನೆಯದು ಮೊದಲಿನದಕ್ಕಿಂತ ಭಾರ, ಮೂರನೆಯದು ಇನ್ನೂ ಭಾರ. ಇದಕ್ಕೆ ಮುಂಚೆ ಯಂತ್ರಕ್ಕೆ ಹಾಕಿದ್ದು, ಹೋಲಿಕೆಗೆಂದು ಇಟ್ಟುಕೊಂಡಿರುವ ಹಿಮದ ನೀರು. ಹಗುರಕ್ಕಿಂತ ಹಗುರ. ಅದರ ಪಸೆ ಕೊಳವೆಯಲ್ಲಿ ಉಳಿದು, ಮುಂದಿನ ನೀರನ್ನೂ ಹಗುರವಾಗಿ ತೋರಿಸುತ್ತದೆ. ಅದಕ್ಕೇ ಮೊದಲ ಕೆಲವು ಅಂಕಿಗಳನ್ನು ನಾವು ಯಾವಾಗಲೂ ಎಸೆಯುತ್ತೇವೆ. ಇವತ್ತು ನೀರು ಇಷ್ಟೇ ಇಷ್ಟೆಂದು ಇಬ್ಬರೂ ಜಿಪುಣತನ ಮಾಡಿದ್ದೆವು.

ನಾನು ಫೋನಿಗೆ ಅಡ್ಡ ಕೈಯಿಟ್ಟೆ. "ಮೇಡಂ, ಹೇಳ್ಬೇಡಿ."

"ಯಾಕೆ?"

"ಅಂಕಿ ಏರ್ತಾನೇ ಇದೆ. ಹಿಮದ ನೀರು ಇನ್ನೂ ಒಳಗಿದೆ."

ಮೇಡಂ ಸೀಸೆಯತ್ತ ತಿರುಗಿದರು. "ಇನ್ನೆಷ್ಟು ಉಳಿದಿದೆ?"

"ಒಂದೇ ಸಲಕ್ಕಾಗತ್ತೆ."

ಸೀಸೆ ಓರೆ ಮಾಡಿ ಹಿಡಿದೆ. ಅವರು ಕೊನೆಯ ಹನಿಯನ್ನೂ ಹೀರಿ ಚುಚ್ಚಿದರು. ಯಂತ್ರ ಗುಂಯ್‌ಗುಟ್ಟಿತು. ಅಂಕಿ ಬಂತು: ಇನ್ನೂ ಭಾರ.

"ಕೆರೆಯಷ್ಟು ಭಾರ ಇಲ್ವಲ್ಲೇ," ಮೇಡಂ ಗೊಣಗಿದರು. "ಸುಮ್ನೆ ಗಾಬರಿ ಹಬ್ಬಿಸಿದ್ರೆ ನಾಳೆ ನಮ್ಮ ಮಾತು ಯಾರು ನಂಬ್ತಾರೆ?"

"ಬಂಡೆ ನೀರು ಯಾವತ್ತೂ ಇಷ್ಟು ಭಾರ ಇರಲ್ಲ, ಮೇಡಂ."

"ಹಾಗಾದ್ರೆ ನೀನೇ ಹೇಳು," ಎಂದು ಫೋನನ್ನು ನನ್ನ ಕೈಗಿಟ್ಟರು.

"ಏನಮ್ಮಾ, ನಗೋದಾ ಅಳೋದಾ?" ಎಂದರು ಇಂಜಿನಿಯರ್.

"ಕೆರೆ ನೀರು ಬೆರೆತಿದೆ ಸಾರ್. ಎಲ್ಲರನ್ನೂ ಹೊರಗೆ ಕರೀರಿ."

"ಗ್ಯಾರಂಟಿನಾ?"

"ಇನ್ನೊಂದ್ಸಲ ನೋಡೋಕೆ ಹನಿ ನೀರಿಲ್ಲ. ಕರೀರಿ ಸಾರ್!" ಅಷ್ಟು ಜೋರಾಗಿ ನಾನು ಎಂದೂ ಮಾತಾಡಿರಲಿಲ್ಲ.

ಅತ್ತ ಸೈರನ್ ಕೂಗಿತು. ಫೋನು ಕಟ್ಟಾಯಿತು.

ಮಧ್ಯಾಹ್ನದವರೆಗೆ ನಾವಿಬ್ಬರೂ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಕೊನೆಗೆ ಭಾವನೇ ಕರೆ ಮಾಡಿದರು.

"ಪುಟ್ಟಿ, ನಿಮ್ಮಕ್ಕನಿಗೆ ಹೇಳ್ಬೇಡ. ಊಟದ ಡಬ್ಬಿ ಒಳಗೇ ಬಿಟ್ಟು ಓಡಿಬಂದೆ."

"ನೀರು ಜಾಸ್ತಿ ಆಯ್ತಾ ಭಾವ?"

"ಜಾಸ್ತಿನಾ? ಡಬ್ಬಿ ಈಗ ತೇಲ್ತಿರಬೇಕು."