ಇರುವಿ ಮುಟ್ಟದ ಡಬ್ಬಿ

ಜ್ಯೋತೆಪ್ಪ ಕಟ್ಟಿದ ಶೇಂಗಾ ಉಂಡಿ ಒಂದನ್ನು ತಿಂದ ಟಗರು ಮಾಲಗಾಂವದಿಂದ ಪಂಢರಪುರಕ್ಕೆ ನಡೆದು ಹೋಗಿ, ವಿಠೋಬನಿಗೆ ತಲೆ ಬಾಗಿಸಿ, ತಿರುಗಿ ಬರುವವರೆಗೂ ದಾರಿಯ ಹುಲ್ಲನ್ನು ಮೂಸಿಯೂ ನೋಡಲಿಲ್ಲವಂತೆ. ಬಂದು ತೇಗಿತಂತೆ. ಆ ತೇಗಿಗೆ ಹಟ್ಟಿಯ ನಾಯಿಗಳೆಲ್ಲ ಎದ್ದು ಕೂತವಂತೆ. ನಂಬಿದವರು ಯಾರೂ ಇಲ್ಲ, ಕೇಳದೆ ಎದ್ದು ಹೋದವರೂ ಇಲ್ಲ. ಜ್ಯೋತೆಪ್ಪ ಬಾಯಿ ತೆರೆದರೆ ಮಿರಜ ಜಂಕ್ಷನ್ನಿನ ರೈಲು ಸಹ ಹಸಿರು ದೀಪ ಕಂಡರೂ ನಿಲ್ಲುತ್ತಿತ್ತು.

ಅಕ್ಕ ಹಣಮವ್ವ ಮಾತ್ರ ನಂಬಿದಳು. ಕೇಡು ಶುರುವಾಗಿದ್ದು ಅಲ್ಲಿಂದ.

ಹಣಮವ್ವನ ಮನೆ ಹರಿಪುರದಲ್ಲಿ, ಕೃಷ್ಣೆಗೆ ವಾರಣೆ ಬಂದು ಕೂಡುವ ಮಗ್ಗುಲಿಗೇ. ಹಿಂದಿನ ದೊಡ್ಡ ನೆರೆಯಲ್ಲಿ ಮಾಳಿಗೆ ಹತ್ತಿ ಹಸಿದು ಕೂತವಳು ಅವಳು. ಅಂದಿನಿಂದ ಮಳೆಗಾಲಕ್ಕೆ ಮುಂಚೆ ಒಂದು ತಗಡಿನ ಡಬ್ಬಿಯ ತುಂಬ ತಿನಿಸು ತುಂಬಿ, ಕರಿ ಉಣ್ಣೆಯ ದಾರದಿಂದ ಗಂಟು ಹಾಕಿ, ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ ಮಾಳಿಗೆಯ ತೊಲೆಗೆ ತೂಗುಹಾಕುವುದು ಆ ಮನೆಯ ಪದ್ಧತಿ. ಹೊಳೆ ಹೊಸ್ತಿಲು ಮುಟ್ಟುವವರೆಗೆ ಗಂಟು ಬಿಚ್ಚಬಾರದು. ಬಿಚ್ಚಿದರೆ ಹೊಳೆಯನ್ನು ಊಟಕ್ಕೆ ಕರೆದಂತೆ.

ಈ ಸಲ ಡಬ್ಬಿಗೆ ಏನು ತುಂಬಬೇಕೆಂದು ದೊಡ್ಡ ಪಂಚಾಯಿತಿಯೇ ನಡೆದಿತ್ತು. ಆಗಿನ್ನೂ ಬಸುರಿಯಾಗಿದ್ದ ಸೊಸೆ ರೂಪಾಲಿ ಭಡಂಗ ಅಂದಳು.

“ಭಡಂಗ?” ಜ್ಯೋತೆಪ್ಪ ನಕ್ಕ. “ಚುರಮರಿ ಬಾಯಿಗೆ ಗೊತ್ತಾಗತೈತಿ, ಹೊಟ್ಟಿಗೆ ಗೊತ್ತಾಗಂಗಿಲ್ಲವ್ವಾ. ತಂಪು ಹತ್ತಿದರ ಗಾದಿ ತುಂಬಾಕ ಬರತೈತಿ, ಅಷ್ಟ.”

“ಮತ್ತ ಬಿಸ್ಕೀಟರಿ, ಮಾಮಾ?”

“ಮಳಿ ವಾಸನಿಗೇ ಕರಗತಾವ. ಬರೇ ಬೆಲ್ಲ ಇಟ್ಟರ ಆಷಾಢದಾಗ ಅಳಾಕ ಚಾಲೂ ಮಾಡತೈತಿ. ಹಸಿ ಕೊಬ್ರಿ ಎರಡ ದಿನಕ್ಕ ನಾರತೈತಿ. ಶೇಂಗಾ ಸಣ್ಣ ಉರಿ ಮ್ಯಾಲ ಹುರಿಬೇಕು. ಒಣಕೊಬ್ರಿ, ತಿನ್ನೂ ಅಂಟು, ಗಟ್ಟಿ ಪಾಕ. ಹಸಿ ಕೈ ತಾಕಬಾರದು. ಕುರಿ ಹಿಂದ ತಿಂಗಳಗಟ್ಟಲೆ ತಿರಗಾವರು ನಾವು. ಯಾವುದು ಕೆಡತೈತಿ, ಯಾವುದು ಜೀವ ಹಿಡಿತೈತಿ, ನಮ್ಮ ಹೆಗಲಿನ ಚೀಲಕ್ಕ ಗೊತ್ತು. ನಾ ಕಟ್ಟಿದ್ದು ಹನ್ನೆರಡು ವರ್ಷ ಕೆಡಂಗಿಲ್ಲ. ಅರ್ಧ ತಿಂದರ ಆನಿ ಏಕಾದಶಿ ಮಾಡತೈತಿ!”

ಹಣಮವ್ವ ಸಾಮಾನೆಲ್ಲ ಕೊಟ್ಟಳು. ಜ್ಯೋತೆಪ್ಪ ಅದನ್ನು ಮಾಲಗಾಂವದ ತನ್ನ ಹಟ್ಟಿಗೆ ಒಯ್ದು ಉಂಡಿ ಕಟ್ಟಿದ. ಡಬ್ಬಿಗೆ ಅಲ್ಲಿಯೇ ಗಂಟು ಹಾಕಿ ತಂದು ತಾನೇ ತೊಲೆಗೆ ಕಟ್ಟಿದ.

ಶ್ರಾವಣದಲ್ಲಿ ಹೊಳೆ ಏರಿತು. ಮೊದಲು ಕಪ್ಪೆಗಳ ಸದ್ದು ನಿಂತಿತು, ಆಮೇಲೆ ನಾಯಿಗಳದು. ಸಂಗಮದ ಗುಡಿಯ ಗಂಟೆ ನೀರಿನೊಳಗೆ ಹೋಯಿತು. ಕೆಂಪು ನೀರು ಸದ್ದಿಲ್ಲದೆ ಓಣಿಗೆ ಬಂದು, ಯಾರದೋ ತೊಟ್ಟಿಲನ್ನು ತೂಗುತ್ತ ತೇಲಿಸಿಕೊಂಡು ಹೋಯಿತು. ನಡು ಮಧ್ಯಾಹ್ನವೇ ಮನೆಯೊಳಗೆ ಮುಖ ಕಾಣದಷ್ಟು ಮೋಡ.

ಅಕ್ಕನನ್ನು ಕರೆದೊಯ್ಯಲು ಜ್ಯೋತೆಪ್ಪ ಅಂಬಿಗ ದಿಲೀಪನ ನಾವೆಯಲ್ಲಿ ಬಂದ. ದಿಲೀಪ ಮನೆಯ ಎತ್ತರದ ಕಟ್ಟೆಯ ಮೆಟ್ಟಿಲಿಗೆ ನಾವೆ ಕಟ್ಟಿ ಕಾಯುತ್ತಿದ್ದ. ಹಣಮವ್ವ ಮಾಳಿಗೆಯಿಂದ ಇಳಿಯಲೊಲ್ಲಳು.

“ಹಸಿ ಬಾಣಂತಿನ್ನ ಈ ಗಾಳ್ಯಾಗ ಒಯ್ಯಂಗಿಲ್ಲೊ. ಕೂಸಿಗೆ ಥಂಡಿ ಆದರ? ನಿನ್ನ ಡಬ್ಬಿ ಐತೆಲ್ಲ. ಅಂಟಿನ ಉಂಡಿ ಅಂದರ ಬಾಣಂತಿಗೆ ಅಮೃತ. ಹೊಳಿ ಇಳಿಯೂತನಕ ಇಲ್ಲೇ ಕುಂದರತೇವಿ.”

“ಅಲ್ಲಕ್ಕಾ, ಮಿರಜಿನ್ಯಾಗ ಬಿಸಿ ಅನ್ನ ಸಿಗತೈತಿ…”

“ಹನ್ನೆರಡು ವರ್ಷ ಅಂದೀಯಲ್ಲ? ನಮಗ ಎಂಟು ದಿನ ಸಾಕು.”

ರೂಪಾಲಿ ಕೂಸನ್ನು ಎದೆಗೆ ಅವಚಿಕೊಂಡು ಡಬ್ಬಿಯನ್ನೇ ನೋಡುತ್ತಿದ್ದಳು. ಬೆಳಗಿನಿಂದ ಅವಳ ಬಾಯಿಗೆ ಏನೂ ಬಿದ್ದಿರಲಿಲ್ಲ. ಕೂಸು ಅಳುವುದನ್ನೂ ಬಿಟ್ಟಿತ್ತು.

ಹಣಮವ್ವ ಗೋಡೆಯತ್ತ ತಿರುಗಿದಳು. ಇರುವೆಗಳ ಸಾಲು ತತ್ತಿ ಹೊತ್ತು ಗೋಡೆ ಏರಿ, ತೊಲೆಯ ಉದ್ದಕ್ಕೂ ಹರಿಯುತ್ತಿತ್ತು.

“ಜ್ಯೋತ್ಯಾ, ನಿನ್ನೆಯಿಂದ ನೋಡಾಕತ್ತೇನಿ. ತೂಗ ಹಾಕಿದ ಹಗ್ಗದ ಮಗ್ಗಲಾಗ ಹೊಂಟಾವ, ಒಂದೂ ಡಬ್ಬಿಗೆ ಇಳಿವಲ್ಲದು. ಒಳಗ ಬೆಲ್ಲ ಐತಿಲ್ಲೊ?”

“ನಾ ಕಟ್ಟಿದ ಉಂಡಿ ಅಷ್ಟು ಗಟ್ಟಿ, ಅಕ್ಕಾ. ಹಲ್ಲು ಮುರಿತಾವಂತ ಅವಕ್ಕೂ ಗೊತ್ತು.”

ಯಾರೂ ನಗಲಿಲ್ಲ. ಕೆಳಗೆ ಏನೋ ಕಟ್ಟಿಗೆಯನ್ನು ನೆಕ್ಕಿದಂಥ ಸದ್ದು. ಹಣಮವ್ವ ಬಾಗಿ ನೋಡಿದಳು. ನೀರು ಹೊಸ್ತಿಲು ಮುಟ್ಟಿತ್ತು.

“ಕಾಕಾ, ಚಲಾ!” ನಡೀರಿ, ಇದೇ ನಾವೆಯ ಕಡೆಯ ಸುತ್ತು ಎಂದು ದಿಲೀಪ ಮರಾಠಿಯಲ್ಲಿ ಕೂಗಿದ. ಹಗ್ಗ ಬಿಚ್ಚುತ್ತೇನೆ ಅಂದ.

“ಹೋಗಪಾ ನೀ, ನಾವು ಬರಂಗಿಲ್ಲ,” ಹಣಮವ್ವ ಕೂಗಿ ಹೇಳಿ, ಡಬ್ಬಿ ಇಳಿಸಿ ತಮ್ಮನ ತೊಡೆಯ ಮೇಲಿಟ್ಟಳು. “ಬಿಚ್ಚು. ನೀ ಹಾಕಿದ ಗಂಟು, ನೀನ ಬಿಚ್ಚು.”

ಜ್ಯೋತೆಪ್ಪನ ಬೆರಳು ದಾರದ ಮೇಲೆ ನಿಂತವು.

“ದಿಲೀಪಾ, ನಿಂದರೊ!” ಎಂದು ಕಿರುಚಿದ. ಆಮೇಲೆ ಅಕ್ಕನ ಮುಖ ನೋಡದೆ ಹೇಳಿದ, “ಹಟ್ಟ್ಯಾಗ ಯಾರೂ ನಂಬಲಿಲ್ಲಕ್ಕಾ. ನಕ್ಕರು. ತಿಂದು ನೋಡ್ರಿ ಅಂತ ಒಂದೊಂದು ಉಂಡಿ ಕೊಟ್ಟೆ. ಮರುದಿನ ಮತ್ತ ಮಂದಿ ಬಂದರು, ಅವರಿಗೂ ಕೊಟ್ಟೆ. ಡಬ್ಬಿ ತಳ ಕಂಡಿತು.”

“ಹಂಗಾರ ಒಳಗ?”

“ಎರಿಮಣ್ಣು. ಉಂಡಿ ಮಾಡಿ ಬಿಸಲಿಗೆ ಒಣಗಿಸಿದ್ದೆ. ಆಮ್ಯಾಲ ಬಂದು ಬದಲ ಮಾಡಬೇಕಂತಿದ್ದೆ. ಗಂಟು ಬಿಚ್ಚಿದರ ಹೊಳಿ ಬರತೈತಂತ ಹೆದರಿದೆ.”

“ಮತ್ತ ಆ ಟಗರು, ಮಾಮಾ?” ರೂಪಾಲಿಯ ದನಿ ಕೇಳಿಸದಷ್ಟು ಸಣ್ಣದಾಗಿತ್ತು.

“ಟಗರು ಹಟ್ಟಿ ಬಿಟ್ಟು ಹೋಗಿಲ್ಲವ್ವಾ. ನನ್ನ ಕಂಬಳಿ ತಗೊ, ಕೂಸಿಗೆ ಸುತ್ತಿ ನಾವಿ ಹತ್ತು. ತಿನ್ನಾಕ ಇಲ್ಲಿ ಏನೂ ಇಲ್ಲ.”